ದೂರದ ತೋಟದ ಪೆಟ್ಟಿಗೆಗಳಿಗೊಂದು ನಂಬರು ಪುಸ್ತಕ

ನಮ್ಮ ಸಂಘದ ಸದಸ್ಯರಲ್ಲಿ ಅನೇಕರಿಗೆ ಮನೆ ಒಂದು ಕಡೆ, ತೋಟ ಇನ್ನೊಂದು ಕಡೆ. ಅಡಿಕೆ ತೋಟ ಕಪಿಲೆಯ ದಂಡೆಯಲ್ಲಿದ್ದರೆ ಮನೆ ಚಿಕ್ಕಯ್ಯನಛತ್ರದಲ್ಲೋ ನಂಜನಗೂಡಿನಲ್ಲೋ ಇರುತ್ತದೆ. ತಿ. ನರಸೀಪುರದ ಕಡೆಯವರಿಗೂ ಇದೇ ಪಾಡು. ಕಾಫಿ ಇರುವವರಂತೂ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಕೊಡಗಿನ ಘಟ್ಟ ಹತ್ತಬೇಕು. ಹಿಂದೆ ಇಂಥ ತೋಟಗಳಲ್ಲಿ ಯಂತ್ರವೆಂದರೆ ಒಂದು ಮೋಟಾರು, ಒಂದು ಸ್ಟಾರ್ಟರು, ಒಂದು ಸಿಂಪಡಿಸುವ ಪಂಪು, ಅಷ್ಟೇ. ಅವುಗಳ ಮೇಲೆ ಎರಕದ ತಗಡಿನಲ್ಲಿ ನಂಬರು ಒತ್ತಿರುತ್ತಿತ್ತು. ಮೂವತ್ತು ವರ್ಷ ಕಳೆದರೂ ಗ್ರೀಸು ಒರೆಸಿದರೆ ಕಾಣುತ್ತಿತ್ತು.

ಈಗ ಹಾಗಲ್ಲ. ಮೊಬೈಲಿನಿಂದ ಪಂಪು ಚಾಲೂ ಮಾಡುವ ಸ್ಟಾರ್ಟರು, ಗೋದಾಮಿನ ಸಿಸಿ ಕ್ಯಾಮೆರಾ, ಅದಕ್ಕೆ ಇಂಟರ್ನೆಟ್ ಕೊಡುವ ಸಿಮ್ ರೌಟರ್ ಅಥವಾ ಫೈಬರ್ ಪೆಟ್ಟಿಗೆ, ಮಣ್ಣಿನ ತೇವ ತಿಳಿಸುವ ಕಂಬ, ಹೀಗೆ ಪೆಟ್ಟಿಗೆಗಳು ಒಂದೊಂದಾಗಿ ತೋಟದೊಳಕ್ಕೆ ಬಂದಿವೆ. ಎಲ್ಲವೂ ಪ್ಲಾಸ್ಟಿಕ್ಕಿನವು, ಎಲ್ಲದರ ಗುರುತೂ ಒಂದು ಕಾಗದದ ಚೀಟಿಯಲ್ಲಿ. ಆ ಚೀಟಿ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಉಳಿದದ್ದನ್ನು ಇರುವೆ ಹಲ್ಲಿಗಳು ನೋಡಿಕೊಳ್ಳುತ್ತವೆ. ಚೀಟಿಯಲ್ಲಿರುವ ಸೀರಿಯಲ್ ನಂಬರನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳುವುದು ಹೇಗೆ, ಬರೆದಿಡದಿದ್ದರೆ ಆಗುವ ನಷ್ಟವೇನು ಎಂಬುದೇ ಈ ಪಾಠದ ವಿಷಯ.

ನನಗೆ ಬುದ್ಧಿ ಬಂದ ಬಗೆ

ನನ್ನದು ಇಲ್ಲಿ ಎರಡು ಎಕರೆ ಅಡಿಕೆ; ತಮ್ಮನದು ಕೊಡಗಿನಲ್ಲಿ ಮೂರು ಎಕರೆ ರೋಬಸ್ಟಾ. ತಮ್ಮ ನೌಕರಿಯ ಮೇಲೆ ಬೆಂಗಳೂರಿನಲ್ಲಿರುವುದರಿಂದ ಎರಡರ ಉಸ್ತುವಾರಿಯೂ ನನ್ನದೇ. ಎರಡೂ ಪಂಪಿಗೆ ಒಂದೇ ತಯಾರಕರ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆವು. ಅಡಿಕೆಗೆ 2020ರಲ್ಲಿ, ಕಾಫಿಗೆ 2022ರ ಆರಂಭದಲ್ಲಿ. ಆ ವರ್ಷದ ಮಳೆಗಾಲ ಮುಗಿದ ಮೇಲೆ ಎರಡನ್ನೂ ಬಿಚ್ಚಿ ತಂದು ಅಂಗಡಿಯೊಂದರಲ್ಲಿ ಪರೀಕ್ಷೆ ಮಾಡಿಸಿದೆ. ಹಿಂದಕ್ಕೆ ತಂದು ಕೂರಿಸುವಾಗ ಯಾವುದು ಯಾವ ತೋಟದ್ದೆಂದು ನಾನು ನೋಡಲಿಲ್ಲ. ಎರಡೂ ಬೂದು ಬಣ್ಣ, ಎರಡೂ ಒಂದೇ ಅಳತೆ. ಸಿಮ್ಮುಗಳನ್ನು ಮಾತ್ರ ಸರಿಯಾಗಿ ಹಾಕಿದ್ದರಿಂದ ಎರಡೂ ತೋಟದಿಂದ ಸರಿಯಾಗಿಯೇ ಉತ್ತರ ಬರುತ್ತಿತ್ತು. ತಪ್ಪು ಕಾಣಿಸಿಕೊಳ್ಳಲು ಕಾರಣವೇ ಇರಲಿಲ್ಲ.

2023ರ ಫೆಬ್ರವರಿ ಮಧ್ಯದಲ್ಲಿ, ಸ್ಪ್ರಿಂಕ್ಲರಿನಲ್ಲಿ ಹೂಮಳೆ ಕೊಡುವ ವೇಳೆಗೆ ಸರಿಯಾಗಿ, ಕಾಫಿ ತೋಟದ ಪೆಟ್ಟಿಗೆ ಸತ್ತುಹೋಯಿತು. ಕೈಯಿಂದಲೇ ಒತ್ತಿ ಪಂಪು ಚಾಲೂ ಮಾಡಬಹುದಿತ್ತಲ್ಲ ಎಂದು ಕೇಳುವಿರಿ. ಹೊಸ ಪೆಟ್ಟಿಗೆ ಕೂರಿಸಿದವನು ಹಳೆಯ ಗುಂಡಿಯನ್ನೇ ಕಿತ್ತು ಹಾಕಿದ್ದ. ಅದನ್ನು ಉಳಿಸು ಎಂದು ಹೇಳುವ ತಿಳಿವಳಿಕೆ ನನಗೂ ಇರಲಿಲ್ಲ. ಫೋನು ಮಾಡಿದಾಗ ಸೀರಿಯಲ್ ನಂಬರು ಕೇಳಿದರು. 2022ರ ಬಿಲ್ಲು ನೋಡಿ ಹೇಳಿದೆ. ವಾರಂಟಿ ಇದೆ, ಜನ ಕಳುಹಿಸುತ್ತೇವೆ ಎಂದರು. ನಾಲ್ಕನೆಯ ದಿನ ಬಂದಾತ ಪೆಟ್ಟಿಗೆಯ ಚೀಟಿ ನೋಡಿ, ಇದು 2020ರದ್ದು, ವಾರಂಟಿ ಮುಗಿದಿದೆ ಎಂದು ಹೇಳಿ ಘಟ್ಟ ಇಳಿದುಬಿಟ್ಟ. ಅವರೇ ಮೋಸ ಮಾಡಿದರೆಂದು ಭಾವಿಸಿ ಮೂರು ದಿನ ಫೋನಿನಲ್ಲಿ ಜಗಳವಾಡಿದೆ. ಕೊನೆಗೆ ಮಗಳು ಇಲ್ಲಿಯ ಪಂಪ್‌ಮನೆಯಲ್ಲಿ ಸ್ಟೂಲು ಹತ್ತಿ, ಬ್ಯಾಟರಿ ಬಿಟ್ಟು ನೋಡಿದಾಗ 2022ರ ಪೆಟ್ಟಿಗೆ ಅಡಿಕೆಗೆ ನೀರು ಹಾಯಿಸುತ್ತಾ ತಣ್ಣಗೆ ಕುಳಿತಿತ್ತು.

ಹಣ ಕೊಟ್ಟು ಹೊಸ ಪೆಟ್ಟಿಗೆ ತಂದು ಕೂರಿಸುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ರೋಬಸ್ಟಾದ ಮೊಗ್ಗು ನೀರಿಗಾಗಿ ಕಾಯುತ್ತದೆ. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಅರಳುತ್ತದೆ. ಸಕಾಲದಲ್ಲಿ ಸಿಕ್ಕದಿದ್ದರೆ ಬಿಸಿಲಿಗೆ ಕಂದುತ್ತದೆ. ಸುತ್ತಲಿನವರ ತೋಟ ಬೆಳ್ಳಗೆ ಅರಳಿದಾಗ ನಮ್ಮದರಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಹೂವಾಗಿತ್ತು. ಆ ವರ್ಷದ ಕೊಯ್ಲಿನಲ್ಲಿ ಚೀಲಗಳನ್ನು ಎಣಿಸುವಾಗ ತಮ್ಮ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಸತ್ತ ಪೆಟ್ಟಿಗೆ ಹಳೆಯದೆಂದು ಮೊದಲ ದಿನವೇ ಗೊತ್ತಿದ್ದರೆ ಎರಡನೆಯ ದಿನ ಹೊಸದನ್ನು ತರುತ್ತಿದ್ದೆ. ಕೆಟ್ಟದ್ದು ಯಂತ್ರ, ಆದರೆ ಫಸಲು ಕಳೆದದ್ದು ಬರೆದಿಡದ ಎರಡು ಸಾಲುಗಳಿಂದ.

ಚೀಟಿಯಲ್ಲಿ ಯಾವುದು ನಂಬರು?

ಚೀಟಿ ನೋಡಿದರೆ ನಾಲ್ಕೈದು ಸಂಖ್ಯೆಗಳಿರುತ್ತವೆ. ಬಹುಮಂದಿ ದೊಡ್ಡ ಅಕ್ಷರದಲ್ಲಿರುವುದನ್ನು ಬರೆದುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಮಾಡಲ್ ನಂಬರು. ಮಾಡಲ್ ಎಂದರೆ ತಳಿ ಇದ್ದಂತೆ. ‘ಮಂಗಳ’ ಎಂದರೆ ಸಾವಿರಾರು ತೋಟಗಳಲ್ಲಿರುವ ಅಡಿಕೆ. ನಿಮ್ಮ ತೋಟದ ಮೂರನೆಯ ಸಾಲಿನ ಏಳನೆಯ ಮರ ಯಾವುದೆಂದು ಆ ಹೆಸರು ಹೇಳಲಾರದು. ಬಿ.ಐ.ಎಸ್. ಗುರುತಿನ ಬಳಿ ‘ಆರ್’ ಅಕ್ಷರದಿಂದ ಆರಂಭವಾಗಿ ಎಂಟು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದೂ ನಿಮ್ಮ ಪೆಟ್ಟಿಗೆಯದಲ್ಲ, ಆ ಬಗೆಯ ವಸ್ತುವನ್ನು ತಯಾರಿಸುವ ಕಾರ್ಖಾನೆಗೆ ಕೊಟ್ಟ ನೋಂದಣಿ.

ನಮಗೆ ಬೇಕಾದದ್ದು ದನದ ಕಿವಿಯೋಲೆಯಂಥ ಸಂಖ್ಯೆ. ಪಶುವೈದ್ಯ ಇಲಾಖೆಯವರು ಹಾಕುವ ಹಳದಿ ಓಲೆಯಲ್ಲಿ 12 ಅಂಕಿ ಇರುತ್ತದೆ. ಆ ಅಂಕಿ ದೇಶದಲ್ಲಿ ಇನ್ನೊಂದು ದನಕ್ಕಿಲ್ಲ. ಓಲೆ ಇಲ್ಲದ ಹಸು ಸತ್ತರೆ ವಿಮೆಯ ಹಣ ಕೈಗೆ ಬರುವುದು ಕಷ್ಟವೆಂಬುದು ಹಸು ಕಟ್ಟಿದವರಿಗೆಲ್ಲ ಗೊತ್ತು. ಪೆಟ್ಟಿಗೆಯ ಓಲೆಯೆಂದರೆ ‘ಎಸ್/ಎನ್’ ಎಂದು ಇಂಗ್ಲಿಷಿನಲ್ಲಿ ಬರೆದ ಸೀರಿಯಲ್ ನಂಬರು. ಇಂಟರ್ನೆಟ್ಟಿಗೆ ಸೇರುವ ಪೆಟ್ಟಿಗೆಗಳಿಗೆ ಇದರ ಜೊತೆ ಮ್ಯಾಕ್ ಎಂಬ ಇನ್ನೊಂದು ಗುರುತಿರುತ್ತದೆ. ಅದು 12 ಸ್ಥಾನದ್ದು. ಅಂಕಿಗಳು ಮತ್ತು ‘ಎ’ಯಿಂದ ‘ಎಫ್’ವರೆಗಿನ ಆರು ಇಂಗ್ಲಿಷ್ ಅಕ್ಷರಗಳು ಮಾತ್ರ ಅದರಲ್ಲಿ ಬರಬಹುದು. ಆದ್ದರಿಂದ ಮ್ಯಾಕ್‌ನಲ್ಲಿ ದುಂಡಗಿರುವುದು ಏನೇ ಕಂಡರೂ ಅದು ಸೊನ್ನೆಯೇ, ‘ಓ’ ಅಕ್ಷರವಾಗಲಾರದು. ಸೀರಿಯಲ್ ನಂಬರಿನಲ್ಲಿ ಈ ಧೈರ್ಯವಿಲ್ಲ. ಅಲ್ಲಿ ಸೊನ್ನೆಯೂ ‘ಓ’ವೂ, ಒಂದೂ ‘ಐ’ಯೂ, ಎಂಟೂ ‘ಬಿ’ಯೂ ಒಂದರ ವೇಷದಲ್ಲಿ ಇನ್ನೊಂದು ಕುಳಿತಿರುತ್ತದೆ.

ಫೈಬರ್ ಪೆಟ್ಟಿಗೆಯ ವಿಷಯದಲ್ಲಿ ಸೀರಿಯಲ್ ನಂಬರು ಬರೀ ವಾರಂಟಿಯ ಮಾತಲ್ಲ. ತಂತಿಯ ಆ ತುದಿಯಲ್ಲಿರುವ ಎಕ್ಸ್‌ಚೇಂಜಿನ ಯಂತ್ರ ನಿಮ್ಮ ಪೆಟ್ಟಿಗೆಯನ್ನು ಆ ನಂಬರಿನಿಂದಲೇ ಗುರುತಿಸುತ್ತದೆ. ಸಾಮಾನ್ಯವಾಗಿ ಮೊದಲ ನಾಲ್ಕು ಅಕ್ಷರ ತಯಾರಕರದ್ದು, ಮುಂದಿನ ಎಂಟು ಸ್ಥಾನ ಆ ಪೆಟ್ಟಿಗೆಯದ್ದು. ಇಲ್ಲಿ ಕೆಟ್ಟಿತೆಂದು ಅಣ್ಣನ ಮನೆಯ ಪೆಟ್ಟಿಗೆಯನ್ನು ತಂದು ಸಿಕ್ಕಿಸಿದರೆ, ನಂಬರು ನೋಂದಾಯಿಸುವವರೆಗೆ ಎಕ್ಸ್‌ಚೇಂಜು ಅದನ್ನು ಒಳಕ್ಕೆ ಬಿಡುವುದಿಲ್ಲ. ‘ಎಲ್‌ಓಎಸ್’ ಎಂಬ ಕೆಂಪು ದೀಪ ಉರಿದರೆ ತಂತಿ ತುಂಡಾಗಿದೆ ಅಥವಾ ಬೆಳಕು ಬರುತ್ತಿಲ್ಲವೆಂದು ತಿಳಿಯಬೇಕು. ಕೆಂಪಿಲ್ಲದೆ ‘ಪಾನ್’ ದೀಪ ಮಿಟುಕುತ್ತಲೇ ಇದ್ದರೆ ಹೆಚ್ಚಾಗಿ ನೋಂದಣಿಯ ತೊಂದರೆ. ದೂರು ಕೊಡುವಾಗ ಈ ಎರಡು ಮಾತು ಮತ್ತು ನಂಬರು ಹೇಳಿದರೆ ಜನ ಬರುವ ಮೊದಲೇ ಅರ್ಧ ಕೆಲಸ ಆದಂತೆ.

ಸಿಮ್ ಹಾಕುವ ವಸ್ತುಗಳಿಗೆ, ಎಂದರೆ ಫೋನು, ಸಿಮ್ ರೌಟರ್, ಮೊಬೈಲ್ ಸ್ಟಾರ್ಟರುಗಳಿಗೆ, 15 ಅಂಕಿಯ ಐಎಂಇಐ ಇರುತ್ತದೆ. ಫೋನಿನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು ಇರುತ್ತವೆ. ಈ ಸಂಖ್ಯೆಯಲ್ಲಿ ಒಂದು ಜಾಣತನವಿದೆ. ಕೊನೆಯ ಅಂಕಿ ಹಿಂದಿನ ಹದಿನಾಲ್ಕಕ್ಕೆ ಸಾಕ್ಷಿ. ಮಗ್ಗಿ ಬಲ್ಲ ಮಕ್ಕಳಿದ್ದರೆ ಈ ಲೆಕ್ಕ ಮಾಡಿಸಿ ನೋಡಿ. ಪಾಠಕ್ಕೆಂದು ಎಲ್ಲರೂ ಬಳಸುವ ಸಂಖ್ಯೆ 490154203237518. ಎರಡನೆಯ, ನಾಲ್ಕನೆಯ, ಹೀಗೆ ಹದಿನಾಲ್ಕನೆಯವರೆಗೆ ಸಮಸ್ಥಾನದ ಅಂಕಿಗಳನ್ನು ಇಮ್ಮಡಿ ಮಾಡಬೇಕು. ಎರಡಂಕಿ ಬಂದರೆ ಅವೆರಡನ್ನೂ ಕೂಡಿಸಿ ಒಂದು ಮಾಡಬೇಕು. ಇಲ್ಲಿ 9, 1, 4, 0, 2, 7, 1 ಎಂಬುವು 9, 2, 8, 0, 4, 5, 2 ಆಗುತ್ತವೆ, ಮೊತ್ತ 30. ಉಳಿದ 4, 0, 5, 2, 3, 3, 5ರ ಮೊತ್ತ 22. ಒಟ್ಟು 52. ಮುಂದಿನ ಹತ್ತರ ಗುಣಕ 60ಕ್ಕೆ 8 ಬೇಕು. ಕೊನೆಯ ಅಂಕಿ 8. ಸರಿಹೋಯಿತು. ಬರೆಯುವಾಗ ಒಂದು ಅಂಕಿ ತಪ್ಪಿದ್ದರೂ ಈ ಲೆಕ್ಕ ಕೂಡುವುದಿಲ್ಲ. ಸೀರಿಯಲ್ ನಂಬರಿಗೆ ಇಂಥ ಸಾರ್ವತ್ರಿಕ ಲೆಕ್ಕವಿಲ್ಲ, ಅಲ್ಲಿ ಕಣ್ಣೇ ಗತಿ.

ಬರೆಯುವ ಬಗೆ

ಇದಕ್ಕೆ ದೊಡ್ಡ ಲೆಡ್ಜರು ಬೇಡ. ಗಟ್ಟಿ ರಟ್ಟಿನ ಒಂದು ನೋಟ್ ಪುಸ್ತಕ ಸಾಕು. ತೋಟಕ್ಕೊಂದು ಪುಟ ಬಿಡಿ. ಪುಟದ ತಲೆಯಲ್ಲಿ ತೋಟದ ಹೆಸರು, ಸರ್ವೆ ನಂಬರು, ಪಂಪಿನ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರು ಬರೆಯಿರಿ. ಕರೆಂಟಿನ ದೂರಿಗೆ ಚಾಮುಂಡೇಶ್ವರಿ ವಿದ್ಯುತ್ ನಿಗಮದವರು ಕೇಳುವುದು ಇದನ್ನೇ. ಕೆಳಗೆ ಒಂದೊಂದು ಪೆಟ್ಟಿಗೆಗೆ ಒಂದೊಂದು ಸಾಲು: ವಸ್ತು ಯಾವುದು, ತೋಟದ ಯಾವ ಜಾಗದಲ್ಲಿದೆ, ತಯಾರಕರು ಮತ್ತು ಮಾಡಲ್, ಸೀರಿಯಲ್ ನಂಬರು, ಮ್ಯಾಕ್ ಅಥವಾ ಐಎಂಇಐ, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ, ವಾರಂಟಿ ಮುಗಿಯುವ ದಿನ. ‘ಯಾವ ಜಾಗದಲ್ಲಿ’ ಎಂಬುದನ್ನು ಅಪರಿಚಿತನೂ ಹುಡುಕಿ ತೆಗೆಯುವಂತೆ ಬರೆಯಬೇಕು. ‘ಪಂಪ್‌ಮನೆ’ ಎಂದರೆ ಸಾಲದು; ‘ಕೆರೆ ಏರಿಯ ಪಂಪ್‌ಮನೆ, ಬಾಗಿಲಿನ ಬಲಗೋಡೆ’ ಎಂದಿರಬೇಕು.

ಬಾಲ್ ಪೆನ್ನಿಗಿಂತ ಪೆನ್ಸಿಲ್ಲು ಮೇಲು. ಕೊಡಗಿನ ಜೂನ್ ಜುಲೈ ತಿಂಗಳ ತೇವದಲ್ಲಿ ಕೆಲವು ಶಾಯಿ ಹರಡಿಕೊಳ್ಳುತ್ತದೆ, ಸೀಸದ ಗೆರೆ ಹಾಗೇ ಇರುತ್ತದೆ. ಬರೆಯುವಾಗ ಇಬ್ಬರಿರಲಿ. ಒಬ್ಬರು ಓದಬೇಕು, ಇನ್ನೊಬ್ಬರು ಬರೆದು ತಿರುಗಿ ಓದಿ ಹೇಳಬೇಕು. ಬಿ, ಡಿ, ಪಿ, ಟಿ ಎಲ್ಲವೂ ಕಿವಿಗೆ ಒಂದೇ ಥರ ಕೇಳುವುದರಿಂದ ಬೆಂಗಳೂರಿನ ಬಿ, ದಾವಣಗೆರೆಯ ಡಿ, ಪುತ್ತೂರಿನ ಪಿ, ತುಮಕೂರಿನ ಟಿ ಎಂದು ಹೇಳುವುದು ಒಳ್ಳೆಯ ಅಭ್ಯಾಸ. ಫೋನಿನಲ್ಲಿ ದೂರು ಬರೆಸುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಚೀಟಿಯ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಆದರೆ ಫೋಟೋ ಒಂದನ್ನೇ ನಂಬಬಾರದು. ಕಳೆದುಹೋಗುವ ವಸ್ತುಗಳಲ್ಲಿ ಫೋನು ಮೊದಲನೆಯದು. ಸ್ಟಾರ್ಟರಿನ ಮುಚ್ಚಳ ತೆಗೆಯಬೇಕಾದರೆ ಮೊದಲು ಮೇನ್ ಸ್ವಿಚ್ಚು ಕೆಳಕ್ಕೆ ಇಳಿಸತಕ್ಕದ್ದು. ನಂಬರು ನೋಡಲು ಹೋಗಿ ಪ್ರಾಣಕ್ಕೆ ತಂದುಕೊಳ್ಳಬಾರದು.

ಪೆಟ್ಟಿಗೆಯ ಹೊರಮೈಗೆ ನಮ್ಮದೇ ಒಂದು ಚಿಕ್ಕ ಗುರುತನ್ನು ಎನಾಮೆಲ್ ಬಣ್ಣದಿಂದ ಬರೆದುಕೊಂಡರೆ ಅನುಕೂಲ. ನಾನು ಅಡಿಕೆ ತೋಟದವಕ್ಕೆ ಅ-1, ಅ-2 ಎಂದೂ ಕಾಫಿಯವಕ್ಕೆ ಕಾ-1, ಕಾ-2 ಎಂದೂ ಬರೆದಿದ್ದೇನೆ. ಅದೇ ಗುರುತು ಪುಸ್ತಕದ ಸಾಲಿನಲ್ಲೂ ಇದೆ. ಓದು ಬಾರದ ಆಳೂ ಫೋನಿನಲ್ಲಿ ಯಾವುದು ಕೆಟ್ಟಿತೆಂದು ಹೇಳಬಲ್ಲ.

ಇನ್ನು ಮುಖ್ಯವಾದದ್ದು. ಪೆಟ್ಟಿಗೆ ಜಾಗ ಬದಲಿಸಿದಾಗ, ರಿಪೇರಿಗೆ ಹೋದಾಗ, ಹಿಂದಕ್ಕೆ ಬಂದಾಗ ಹಳೆಯ ಸಾಲನ್ನು ಅಳಿಸಬಾರದು. ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಹೊಸ ಸಾಲು ಬರೆದು ದಿನಾಂಕ ಹಾಕಬೇಕು. ಜಮೀನು ಕೈ ಬದಲಾದಾಗ ಗ್ರಾಮ ಲೆಕ್ಕಿಗರು ಹಳೆಯ ಹೆಸರನ್ನು ಉಜ್ಜಿ ಹಾಕುತ್ತಿರಲಿಲ್ಲ, ಮ್ಯುಟೇಷನ್ ದಾಖಲೆ ಮಾಡುತ್ತಿದ್ದರು. ಅದೇ ಪದ್ಧತಿ ಇಲ್ಲಿಯೂ. ರಿಪೇರಿ ಅಂಗಡಿಯ ಚೀಟಿಯ ಮೇಲೆ ‘ಸ್ಟಾರ್ಟರ್ 2’ ಎಂದು ಬರೆದುಕೊಟ್ಟರೆ ಒಪ್ಪಬೇಡಿ. ಸೀರಿಯಲ್ ನಂಬರಿನ ಕೊನೆಯ ಆರು ಸ್ಥಾನವನ್ನಾದರೂ ಬರೆಸಿಕೊಳ್ಳಿ. ನಾನು ಇಷ್ಟು ಮಾಡಿದ್ದರೆ ಮೇಲೆ ಹೇಳಿದ ಕಥೆಯೇ ಇರುತ್ತಿರಲಿಲ್ಲ.

ಪೆಟ್ಟಿಗೆಯನ್ನೇ ಕೇಳಬಹುದು

ನಂಬರು ನೋಡಲು ಘಟ್ಟ ಹತ್ತಲೇಬೇಕೆಂದಿಲ್ಲ. ರೌಟರಿನ ವೈಫೈಗೆ ಸೇರಿದ ಫೋನಿನಲ್ಲಿ 192.168.1.1 ಅಥವಾ ಚೀಟಿಯಲ್ಲಿರುವ ವಿಳಾಸ ಒತ್ತಿ ಒಳಹೊಕ್ಕರೆ ಒಂದು ಪುಟದಲ್ಲಿ ಪೆಟ್ಟಿಗೆ ತನ್ನ ಮಾಡಲ್, ಸೀರಿಯಲ್, ಮ್ಯಾಕ್‌ಗಳನ್ನು ತಾನೇ ಹೇಳುತ್ತದೆ. ತೋಟದಲ್ಲಿರುವ ಹುಡುಗನಿಂದ ಆ ಪುಟದ ಚಿತ್ರ ತರಿಸಿಕೊಳ್ಳಬಹುದು. ಕ್ಯಾಮೆರಾಗಳ ನಂಬರು ನಿಮ್ಮ ಫೋನಿನ ಆ್ಯಪ್‌ನಲ್ಲೇ ಸಿಗುತ್ತದೆ. ಬ್ಯಾಂಕು, ರೈಲ್ವೆಯಂಥ ದೊಡ್ಡ ಸಂಸ್ಥೆಗಳ ಜಾಲಗಳಲ್ಲಿ ಕೇಂದ್ರದ ಕಂಪ್ಯೂಟರು ದೂರದ ಪೆಟ್ಟಿಗೆಗಳನ್ನು ಹೀಗೆಯೇ ಆಗಾಗ್ಗೆ ಮಾತನಾಡಿಸಿ, ಯಾವ ನಂಬರಿನದು ಎಲ್ಲಿದೆ ಎಂಬ ಪಟ್ಟಿಯನ್ನು ತಾನೇ ತಯಾರಿಸಿಕೊಳ್ಳಬಲ್ಲುದು. ಆದರೆ ಸತ್ತ ಪೆಟ್ಟಿಗೆ ಉತ್ತರ ಕೊಡುವುದಿಲ್ಲ. ಬದುಕಿರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಸಿಮ್ಮಿನ ಸಾಲು

ಸ್ಟಾರ್ಟರಿನೊಳಗಿನ ಸಿಮ್ಮಿಗೆ ಪ್ರತ್ಯೇಕ ಸಾಲು ಬೇಕು. ಫೋನ್ ನಂಬರು, ಯಾರ ಹೆಸರಿನಲ್ಲಿದೆ, ಸಿಮ್ಮಿನ ಬೆನ್ನ ಮೇಲೆ 8991ರಿಂದ ಆರಂಭವಾಗುವ ಉದ್ದನೆಯ ಸಂಖ್ಯೆ, ರೀಚಾರ್ಜಿನ ದಿನ ಇವನ್ನು ಬರೆಯಿರಿ. ಯಂತ್ರಗಳಿಗೆಂದೇ ಕೊಡುವ ಸಿಮ್ಮಾದರೆ ನಂಬರು 13 ಅಂಕಿಯದಿರಬಹುದು. 2018ರಿಂದ ಆ ಪದ್ಧತಿ ಬಂದಿದೆ. ಕಾಫಿಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಜೂನ್‌ನಿಂದ ಚಳಿಗಾಲದವರೆಗೆ ಪಂಪಿಗೆ ಕೆಲಸವಿಲ್ಲ. ಸಾಮಾನ್ಯ ಪ್ರೀಪೇಯ್ಡ್ ಸಿಮ್ಮು 90 ದಿನ ಕರೆ, ಸಂದೇಶ, ಡೇಟಾ ಯಾವುದೂ ಇಲ್ಲದೆ ಬಿದ್ದಿದ್ದು, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ಫೆಬ್ರವರಿಯಲ್ಲಿ ಪೆಟ್ಟಿಗೆ ಮಾತನಾಡದಿದ್ದರೆ ಪೆಟ್ಟಿಗೆಯನ್ನು ಬೈಯುವ ಮುನ್ನ ಸಿಮ್ಮನ್ನು ಪರೀಕ್ಷಿಸಿ. ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಸ್ಟಾರ್ಟರಿಗೆ ಕರೆ ಮಾಡುವುದು ಅಗ್ಗದ ಉಪಾಯ.

ಕಳುವಾದರೆ, ನೀರು ಪಾಲಾದರೆ

ಫೋನು ಕಳುವಾದರೆ ಐಎಂಇಐ ಮೂಲಕ ಅದನ್ನು ನಿರ್ಬಂಧಿಸುವ ಸೌಲಭ್ಯವನ್ನು ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಿನಿಂದ ದೇಶದಾದ್ಯಂತ ಸಂಚಾರ ಸಾಥಿಯಲ್ಲಿ ಕೊಟ್ಟಿದೆ. ಮೊದಲು ಪೊಲೀಸು ದೂರು, ಅನಂತರ ಅದೇ ನಂಬರಿಗೆ ಬದಲಿ ಸಿಮ್ಮು, ಆಮೇಲೆ ಅರ್ಜಿ. ನಿರ್ಬಂಧ ಬಿದ್ದ ಮೇಲೆ ಕಳ್ಳ ಯಾವ ಕಂಪನಿಯ ಸಿಮ್ಮು ಹಾಕಿದರೂ ಅದು ನಡೆಯುವುದಿಲ್ಲ. ಅರ್ಜಿಗೆ ಐಎಂಇಐ ಬೇಕೇ ಬೇಕು, ಆ ವೇಳೆಗೆ ಅದು ಕಳ್ಳನ ಜೇಬಿನಲ್ಲಿರುತ್ತದೆ. ಹಳೆಯ ಫೋನು ಕೊಳ್ಳುವವರು ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಸಂದೇಶ ಕಳುಹಿಸಿದರೆ ವಸ್ತುವಿನ ಸ್ಥಿತಿ ತಿಳಿಯುತ್ತದೆ.

ಕ್ಯಾಮೆರಾ, ಮೋಟಾರುಗಳಿಗೆ ಇಂಥ ಸೌಲಭ್ಯವಿಲ್ಲ. ಆದರೆ ಠಾಣೆಯಲ್ಲಿ ‘ಒಂದು ಕಪ್ಪು ಪೆಟ್ಟಿಗೆ’ ಎಂದು ಬರೆಸುವುದಕ್ಕೂ ಸೀರಿಯಲ್ ನಂಬರು ಬರೆಸುವುದಕ್ಕೂ ವ್ಯತ್ಯಾಸವಿದೆ. ಗುಜರಿಯಲ್ಲಿ ಸಿಕ್ಕಿದ ಮಾಲು ನಿಮ್ಮದೆಂದು ಹೇಳಲು ಬೇರೆ ಆಧಾರವೇನು?

2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ದಂಡೆಗಳೆಲ್ಲ ಮುಳುಗಿ, ಮೈಸೂರು ರಸ್ತೆಯ ಮೇಲೆಯೇ ನೀರು ಹರಿದದ್ದು ನಮಗೆಲ್ಲ ನೆನಪಿದೆ. ಇಂಥ ನೆರೆ ಇಳಿದ ಮೇಲೆ ಪಂಪ್‌ಮನೆಯಲ್ಲಿ ಉಳಿಯುವುದು ಕೆಸರು. ಚೀಟಿ ಇರುವುದಿಲ್ಲ, ಕೆಲವೆಡೆ ಪೆಟ್ಟಿಗೆಯೇ ಇರುವುದಿಲ್ಲ. ವಿಮೆ ಮಾಡಿಸಿದವರಿಗೆ ಆಗ ಏನಿತ್ತೆಂದು ತೋರಿಸಲು ಬಿಲ್ಲು ಮತ್ತು ನಂಬರು ಬೇಕು. ಪುಸ್ತಕವನ್ನು ಪಂಪ್‌ಮನೆಯ ಗೂಡಿನಲ್ಲಿ ಇಟ್ಟಿದ್ದರೆ ಅದೂ ಪೆಟ್ಟಿಗೆಯ ಜೊತೆಗೇ ಹೋಗುತ್ತದೆ. ಆದ್ದರಿಂದ ಅದು ಪಾಸ್‌ಬುಕ್ಕು, ಪಹಣಿಗಳಿರುವ ಮನೆಯ ಪೆಟ್ಟಿಗೆಯಲ್ಲಿರಲಿ. ಒಂದು ಪ್ರತಿ ದೂರದ ಊರಿನಲ್ಲಿರುವ ಮಗ, ಮಗಳು ಅಥವಾ ತಮ್ಮನ ಬಳಿ ಇರಲಿ.

ಒಂದು ಎಚ್ಚರಿಕೆ: ಚೀಟಿಯ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಅನೇಕ ರೌಟರುಗಳ ಚೀಟಿಯಲ್ಲಿ ವೈಫೈ ಗುಪ್ತಪದವೂ ಅಚ್ಚಾಗಿರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಸೀರಿಯಲ್ ನಂಬರೇ ದೂರದಿಂದ ನೋಡುವ ವಿಳಾಸ; ಕಾರ್ಖಾನೆಯ ಗುಪ್ತಪದವನ್ನು ಬದಲಿಸದಿದ್ದರೆ ನಿಮ್ಮ ಗೋದಾಮಿನ ಮೂಟೆಗಳನ್ನು ಬೇರೆಯವರೂ ಎಣಿಸಬಹುದು.

ಹಳೆಯ ಪೆಟ್ಟಿಗೆಯನ್ನು ಮಾರಿದರೆ ಅಥವಾ ಬದಲಿಗೆ ಕೊಟ್ಟರೆ ಅದರೊಳಗಿನ ಸಿಮ್ಮನ್ನು ತೆಗೆದುಕೊಂಡು, ಪುಸ್ತಕದ ಸಾಲಿಗೆ ಗೆರೆ ಎಳೆದು, ಯಾರಿಗೆ ಎಂದು ಕೊಟ್ಟಿರಿ ಎಂಬುದನ್ನು ಬರೆಯಿರಿ. ನನ್ನ ಪುಸ್ತಕದ ಮೊದಲ ಗೆರೆ ಆ 2020ರ ಸ್ಟಾರ್ಟರಿನದು. ಅದರ ಮುಂದೆ ‘ಕಾಫಿ ತೋಟದಲ್ಲಿ ಕೆಟ್ಟಿತು, ಫೆಬ್ರವರಿ 2023’ ಎಂದಿದೆ. ಪಕ್ಕದಲ್ಲಿ ಮಗಳು ತನ್ನ ಕೈಯಿಂದಲೇ ‘ಅಡಿಕೆ ತೋಟದ್ದು’ ಎಂದು ಸೇರಿಸಿದ್ದಾಳೆ.